ಅಜ್ಜ ಬೀಜಕ್ಕೆ ಹಚ್ಚುತ್ತಿದ್ದ ಸಗಣಿ ಪೇಟೆಂಟನ್ನು ತಡೆಯುತ್ತಾ?

ಕಳೆದ ವಾರ ರಾರಾವಿಯ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಬೀಜಕ್ಕೆ ಲೇಪನ ಮಾಡೋದಕ್ಕೆ ಯಾರೋ ಪೇಟೆಂಟ್ ಅರ್ಜಿ ಹಾಕ್ಯಾರಂತೆ. ನಾವು ಇನ್ಮೇಲೆ ಸಗಣಿ ಹಚ್ಚಂಗಿಲ್ಲ ಅಂತ ಅಂಗಡಿಯವರು ಹೇಳಿದ್ರು."

ನನಗೂ ಸಿಟ್ಟು ಬಂತು. ನಮ್ಮಜ್ಜ ಹತ್ತಿ ಬೀಜಕ್ಕೆ ಸಗಣಿ, ಕೆಮ್ಮಣ್ಣು ತಿಕ್ಕಿ, ನೆರಳಲ್ಲಿ ಒಣಗಿಸಿ ಬಿತ್ತುತ್ತಿದ್ದರು. ಹಾಗೆ ಮಾಡಿದರೆ ಬೀಜ ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಬೀಳುತ್ತೆ. "ಅಜ್ಜನ ವಿದ್ಯೆಗೆ ಪೇಟೆಂಟಾ?" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಬರೆದೂಬಿಟ್ಟೆ. ಆಮೇಲೆ ಅರ್ಜಿ ತರಿಸಿ ಓದಿದೆ. ಓದೋದು ಮೊದಲಾಗಬೇಕಿತ್ತು.

ಪೇಟೆಂಟಿನಲ್ಲಿ ನೋಡಬೇಕಾದದ್ದು ಹೆಸರನ್ನಲ್ಲ, ಕೊನೆಯಲ್ಲಿರುವ 'ಕ್ಲೇಮು'ಗಳನ್ನು. ಅವರ ಮೊದಲ ಕ್ಲೇಮಿನಲ್ಲಿ ನಾಲ್ಕು ಅಂಶಗಳಿದ್ದವು: ಪಾಲಿಮರ್ ಅಂಟು, ಅದರಲ್ಲಿ ಕರಗಿಸಿದ ಸತು, ತಿರುಗುವ ಡ್ರಮ್ಮಿನಲ್ಲಿ ಲೇಪನ, ಗೊತ್ತುಮಾಡಿದ ಉಷ್ಣದಲ್ಲಿ ಒಣಗಿಸುವುದು. ಹಳೆಯದೊಂದು 'ಇದನ್ನು ಮೊದಲೇ ಮಾಡಿಯಾಗಿದೆ' ಎಂದು ಹೊಸತನವನ್ನೇ ಕೆಡವಬೇಕಾದರೆ, ನಾಲ್ಕೂ ಅಂಶ ಆ ಒಂದರಲ್ಲೇ ಇರಬೇಕು, ಅದೂ ಅರ್ಜಿಯ ಆದ್ಯತಾ ದಿನಾಂಕಕ್ಕೆ ಮುಂಚೆ. ಎರಡು ಅಂಶ ಇಲ್ಲಿಂದ, ಎರಡು ಅಲ್ಲಿಂದ ಜೋಡಿಸಿದರೆ ಅದು ಬೇರೆ ವಾದ: ಕಸುಬು ಬಲ್ಲವನಿಗೆ ಇದು ತಾನಾಗಿ ಹೊಳೆಯುವಂಥದ್ದಾ ಅನ್ನೋದು. ಅಜ್ಜನ ಸಗಣಿಯಲ್ಲಿ ಪಾಲಿಮರೂ ಇಲ್ಲ, ಡ್ರಮ್ಮೂ ಇಲ್ಲ. ನನ್ನ ಮೆಸೇಜ್ ತಪ್ಪು. ಅಳಿಸಿದೆ.

ಆದರೆ ಅದೇ ಅಳತೆ ನಮ್ಮನ್ನೂ ಕಾಯುತ್ತೆ. ಕ್ಲೇಮಿನ ಅಂಶಗಳಿಲ್ಲದ ಸಗಣಿ ಲೇಪನ ಉಲ್ಲಂಘನೆಯೇ ಅಲ್ಲ. ಜೊತೆಗೆ, ಪೇಟೆಂಟ್ ಮಂಜೂರಾಗುವ ತನಕ ಯಾರೂ ದಾವೆ ಹೂಡಲಾರರು. ಹುಡುಗ ನಿಶ್ಚಿಂತೆಯಿಂದ ಬಿತ್ತಬಹುದು.

ಹಾಗಂತ ಹಳೆಯ ತಿಳಿವಳಿಕೆಗೆ ಬೆಲೆ ಇಲ್ಲ ಅಂತಲ್ಲ. ಅರಿಶಿನದಿಂದ ಗಾಯ ವಾಸಿ ಮಾಡುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿಎಸ್‌ಐಆರ್ ಸಂಸ್ಥೆ ಹಳೆಯ ಬರಹಗಳನ್ನು, 1953ರ ವೈದ್ಯಕೀಯ ಪತ್ರಿಕೆಯ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಬೇವಿನೆಣ್ಣೆಯ ಶಿಲೀಂಧ್ರನಾಶಕಕ್ಕೆ ಯುರೋಪ್ ಕೊಟ್ಟಿದ್ದ ಪೇಟೆಂಟ್ 2000ದಲ್ಲಿ ರದ್ದಾಗಿ, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಎಲ್ಲರಿಗೂ ಗೊತ್ತಿರೋದೇ ಅಂದರೆ ಸಾಲದು, ಸಾಕ್ಷಿ ಬೇಕು.

ನಮ್ಮ 1970ರ ಪೇಟೆಂಟ್ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ. 25ನೇ ಕಲಮಿನಲ್ಲಿ, ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲಿರುವ ಜ್ಞಾನವೂ ಆಕ್ಷೇಪಣೆಗೆ ಆಧಾರ. ಅರ್ಜಿ ಪ್ರಕಟವಾದ ಮೇಲೆ, ಮಂಜೂರಾಗುವ ಮೊದಲು, ಯಾರು ಬೇಕಾದರೂ ಆಕ್ಷೇಪಿಸಬಹುದು. ನಮ್ಮ ರಾಜ್ಯಕ್ಕೆ ಚೆನ್ನೈ ಕಚೇರಿ.

ಹುಡುಗನಿಗೆ ಇಷ್ಟು ಹೇಳಿದೆ: ಊರಿನ ಹಿರಿಯರು ಯಾವ ಬೀಜಕ್ಕೆ ಏನು, ಎಷ್ಟು, ಹೇಗೆ ಹಚ್ಚುತ್ತಿದ್ದರು ಅಂತ ಫೋನಿನಲ್ಲಿ ರೆಕಾರ್ಡ್ ಮಾಡು, ದಿನಾಂಕ ಹಾಕು. ಸತು ಬೆರೆಸಿದವರಿದ್ದರೆ ಬಿಡಬೇಡ, ಯಾವ ವರ್ಷ ಅಂತ ಕೇಳು. "ನಮ್ಮಜ್ಜಿ ಮಾತು ಶುರು ಮಾಡಿದ್ರೆ ಫೋನ್ ಚಾರ್ಜ್ ಸಾಲಂಗಿಲ್ಲ ಅಣ್ಣಾ" ಅಂದ.