ಗುಡ್ಡದ ಕೆಳಗಿನ ಶಾಲೆಗಳು

1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದ ಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ದಕ್ಷಿಣ ಕನ್ನಡವು ಇನ್ನೂ ಮದರಾಸು ರಾಜ್ಯದಲ್ಲಿತ್ತು. ವಿದ್ಯಾರ್ಥಿಗಳ ಶುಲ್ಕವನ್ನು ನೆಚ್ಚಿ ನಡೆಯುವ ಖಾಸಗಿ ವೈದ್ಯಕೀಯ ಕಾಲೇಜು ಆಗ ದೇಶಕ್ಕೇ ಹೊಸ ವಿಚಾರ. ಮೊದಲ ಪಾಠಗಳು ಗುಡ್ಡದ ಮೇಲೆ, ರೋಗಿಗಳ ಬಳಿಯ ಕಲಿಕೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ. 1961ರಲ್ಲಿ ಮಣಿಪಾಲಕ್ಕೆ ತನ್ನದೇ ಆಸ್ಪತ್ರೆಯೂ ಬಂದಿತು. ದೇಶವಿದೇಶಗಳ ತರುಣರು ಅಲ್ಲಿಗೆ ಓದಲು ಬರತೊಡಗಿದರು. ಆದರೆ ಕಾಪು, ಕಾರ್ಕಳಗಳ ಸರಕಾರಿ ಪ್ರೌಢಶಾಲೆಯಲ್ಲಿ ಕುಳಿತ ಮಗುವಿಗೆ ಆ ಗುಡ್ಡ ಎಷ್ಟು ದೂರ? ಬಸ್ಸಿನ ದಾರಿ ಒಂದು ಗಂಟೆಯ ಆಚೀಚೆ. ಉಳಿದ ದೂರವನ್ನು ಅಳೆಯುವುದು ಅಷ್ಟು ಸುಲಭವಲ್ಲ.

ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಈ ಮಗು ಶಾಲೆಯಲ್ಲಿ ಕನ್ನಡವನ್ನು ಕಲಿತು, ಆ ಕನ್ನಡದಲ್ಲಿ ವಿಜ್ಞಾನವನ್ನು ಅರಗಿಸಿಕೊಂಡಿರುತ್ತದೆ. ಮೇದೋಜೀರಕವೆಂದರೇನು, ಧಮನಿ ಯಾವುದು, ಅಭಿಧಮನಿ ಯಾವುದು ಎಂಬುದನ್ನು ಚಿತ್ರ ಬರೆದು ಹೇಳಬಲ್ಲದು. ಪಿಯುಸಿಯ ವಿಜ್ಞಾನ ವಿಭಾಗಕ್ಕೆ ಕಾಲಿಟ್ಟ ದಿನ ಮೇದೋಜೀರಕವು ಪ್ಯಾಂಕ್ರಿಯಾಸ್ ಆಗುತ್ತದೆ, ತಿಳಿದದ್ದೇ ತಿಳಿಯದಂತಾಗುತ್ತದೆ. ಜಾಣರೆನಿಸಿಕೊಂಡವರು ಮೊದಲ ಪರೀಕ್ಷೆಯಲ್ಲಿ ಹಿಂದೆ ಬಿದ್ದು, ತಮಗೆ ಬುದ್ಧಿಯೇ ಇಲ್ಲವೆಂದು ನಂಬಿಬಿಡುವುದು ಇಲ್ಲಿಯೇ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದು, ನಿಜ. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದವನಿಗೆ ಆ ಕನ್ನಡ ಪ್ರಶ್ನೆಪತ್ರಿಕೆಯಿಂದ ಎಷ್ಟು ಪ್ರಯೋಜನ? ಮೂರು ಗಂಟೆಗಳಲ್ಲಿ 180 ಪ್ರಶ್ನೆಗಳು, ಅರ್ಧದಷ್ಟು ಜೀವವಿಜ್ಞಾನದವು, ತಪ್ಪು ಉತ್ತರವೊಂದಕ್ಕೆ ಒಂದು ಅಂಕ ಕಡಿತ. ಅನುವಾದ ಮಾಡಿಕೊಳ್ಳುತ್ತ ಕೂರಲು ಅಲ್ಲಿ ಬಿಡುವಿಲ್ಲ. ಎಂಟನೆಯ ತರಗತಿಯಿಂದಲೇ ಕನ್ನಡದ ಶಬ್ದದ ಪಕ್ಕದಲ್ಲಿ ಇಂಗ್ಲಿಷ್ ಶಬ್ದವನ್ನೂ ಬರೆಯಿಸುವ ಮೇಷ್ಟರು ಮಾಡುವ ಉಪಕಾರವನ್ನು ಮುಂದೆ ಎಷ್ಟು ಹಣ ಸುರಿದರೂ ಯಾವ ತರಬೇತಿ ಕೇಂದ್ರವೂ ಮಾಡಲಾರದು.

ತಂದೆತಾಯಂದಿರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ರಾಜ್ಯದ ಪರೀಕ್ಷಾ ಪ್ರಾಧಿಕಾರವು ಹಂಚುವ ಸರಕಾರಿ ಕೋಟಾದ ಸೀಟುಗಳಲ್ಲಿ ಗ್ರಾಮೀಣರಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲು. ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕೆಂಬುದು ನಿಯಮ. ಕಾರ್ಕಳದ ಒಳ ಊರಿನ ಕುಟುಂಬವೊಂದು, ಮಗಳು ಡಾಕ್ಟರಾಗಲೆಂಬ ಆಸೆಯಿಂದಲೇ ಅವಳನ್ನು ಎಂಟನೆಯ ತರಗತಿಗೆ ಉಡುಪಿ ಪೇಟೆಯ ಇಂಗ್ಲಿಷ್ ಶಾಲೆಗೆ ಸೇರಿಸಿದರೆ, ಎರಡೂ ಮೀಸಲಾತಿಗಳು ಆ ಕ್ಷಣಕ್ಕೇ ತಪ್ಪಿಹೋಗುತ್ತವೆ.

ವೈದ್ಯರಾಗುವುದೊಂದೇ ದಾರಿಯಲ್ಲ. ನರ್ಸಿಂಗ್, ಔಷಧವಿಜ್ಞಾನ, ಪ್ರಯೋಗಾಲಯ ತಂತ್ರಜ್ಞಾನ, ಫಿಸಿಯೋಥೆರಪಿ ಇವುಗಳಿಲ್ಲದೆ ಆಸ್ಪತ್ರೆ ಒಂದು ದಿನವೂ ನಡೆಯದು. ಆಯುರ್ವೇದ ಕಾಲೇಜು ಉಡುಪಿಯ ಕುತ್ಪಾಡಿಯಲ್ಲಿಯೇ ಇದೆ. ಇವೆಲ್ಲ ಎರಡನೆಯ ದರ್ಜೆಯ ಓದೆಂಬ ಭಾವನೆ ನಮ್ಮ ಮನೆಗಳಲ್ಲಿ ಹೇಗೆ ಬೇರೂರಿತೋ!

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಪ್ಯಾನಿಷ್ ಮನೆಮಾತಿನ ಹೊಲಗೆಲಸಗಾರರ ಮಕ್ಕಳನ್ನು ಪ್ರೌಢಶಾಲೆಯಲ್ಲಿರುವಾಗಲೇ ವೈದ್ಯಕೀಯದತ್ತ ಅಣಿಗೊಳಿಸುವ ಯತ್ನಗಳು ನಡೆದಿವೆ. ರೋಗಿಯ ಭಾಷೆ ಬಲ್ಲ ವೈದ್ಯರ ಕೊರತೆ ಅಲ್ಲಿ ದೊಡ್ಡದು. ನಮ್ಮಲ್ಲಿಯೂ ಅದೇ ಕಥೆ. ಹಳ್ಳಿಯ ಮುದುಕಿ ‘ಬಂಜಿ ಬೇನೆ’ ಎಂದಾಗ ದೂರದಿಂದ ಬಂದ ಎಳೆಯ ವೈದ್ಯನು ಪಕ್ಕದಲ್ಲಿದ್ದ ದಾದಿಯ ಮುಖ ನೋಡುತ್ತಾನೆ. ಬೇನೆ ಎಲ್ಲಿ, ಯಾವಾಗಿನಿಂದ, ಉಂಡ ಮೇಲೆ ಹೆಚ್ಚುತ್ತದೆಯೇ ಎಂಬುದನ್ನೆಲ್ಲ ಆ ದಾದಿಯೇ ತುಳುವಿನಲ್ಲಿ ಕೇಳಿ ಹೇಳಬೇಕಾಗುತ್ತದೆ.