ಪಂಪ್ ಗರಗರ ಎನ್ನುತ್ತಿದೆಯೇ? ಮೊದಲು ಬಾವಿ ನೋಡಿ

ಸೊಲ್ಲಾಪುರ, ಅಕ್ಕಲಕೋಟ ಭಾಗದ ಕಪ್ಪುಕಲ್ಲಿನ ಬಾವಿಗಳಲ್ಲಿ ಬೇಸಿಗೆಗೆ ನೀರು ಕೆಳಗಿಳಿಯುತ್ತದೆ. ಆಗ ದಂಡೆಯ ಮೇಲಿನ ಪಂಪ್ ಜಲ್ಲಿಕಲ್ಲು ಅರೆದಂತೆ ಸದ್ದು ಮಾಡುತ್ತದೆ, ನೀರೂ ಕಡಿಮೆಯಾಗುತ್ತದೆ. ಮೋಟರ್ ಕೆಟ್ಟಿತೆಂದು ಬಿಚ್ಚಿಸುವ ಮೊದಲು ಇದನ್ನು ಓದಿ.

ನೀರನ್ನು ಪೈಪಿನಲ್ಲಿ ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಲೆಕ್ಕದ ಪ್ರಕಾರ ಇದರ ಮಿತಿ ಸುಮಾರು 10 ಮೀಟರ್, ಬಳಕೆಯಲ್ಲಿ 6-7 ಮೀಟರ್ ಮಾತ್ರ. ನೀರು ಅದಕ್ಕಿಂತ ಆಳಕ್ಕೆ ಹೋದರೆ ಪಂಪಿನೊಳಗೆ ಆವಿಯ ಗುಳ್ಳೆಗಳೆದ್ದು ಸಿಡಿಯುತ್ತವೆ. ಸದ್ದು ಅವುಗಳದ್ದು. ಹಾಗೇ ಓಡಿಸಿದರೆ ಇಂಪೆಲ್ಲರ್ ಸವೆದು ಗುಳಿ ಬೀಳುತ್ತದೆ.

ಪತ್ತೆ ಸುಲಭ. ಡೆಲಿವರಿ ವಾಲ್ವ್ ಸ್ವಲ್ಪ ಮುಚ್ಚಿ ನೋಡಿ. ಸದ್ದು ತಗ್ಗಿದರೆ ದೋಷ ಹೆಚ್ಚಾಗಿ ಸಕ್ಷನ್ ಕಡೆಯೇ ಇರುತ್ತದೆ. ತಗ್ಗದಿದ್ದರೆ ಬೇರಿಂಗ್ ತೋರಿಸಿ.

ಮೇನ್ ಸ್ವಿಚ್ ತೆಗೆದ ಮೇಲೆ ಫುಟ್‌ವಾಲ್ವ್ ನೀರಿನಲ್ಲಿ ಮುಳುಗಿದೆಯೇ, ಅದರ ಜಾಳಿಗೆ ಕಸ ಕಟ್ಟಿದೆಯೇ ನೋಡಿ. ಸಕ್ಷನ್ ಪೈಪಿನ ಜೋಡಣೆಗಳಿಗೆ ಗ್ರೀಸ್ ಹಚ್ಚಿ ಮತ್ತೆ ಚಾಲೂ ಮಾಡಿ. ಸದ್ದು ಬದಲಾದರೆ ಗಾಳಿ ಅಲ್ಲಿಂದಲೇ ನುಗ್ಗುತ್ತಿದೆ.

ಇವೆಲ್ಲ ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಪಂಪನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸಬೇಕು, ಇಲ್ಲವೇ ಸಬ್‌ಮರ್ಸಿಬಲ್ ಹಾಕಬೇಕು. ಹೆಚ್ಚು ಎಚ್‌ಪಿ ಮೋಟರ್ ತಂದರೆ ಗಾಳಿಯ ಒತ್ತಡ ಹೆಚ್ಚುವುದಿಲ್ಲ, ಖರ್ಚು ಮಾತ್ರ ಹೆಚ್ಚುತ್ತದೆ.