ದಡ ಹತ್ತಿದ ಹಡಗು, ದಡ ಬಿಟ್ಟ ಊರು

ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಅದು ಹೇಳುವುದು ಒಂದು ಕೆರೆಯ ವಿಷಯ. ಬಯಲುಸೀಮೆಯಲ್ಲಿ ಕೆರೆಯ ನೆಪದಲ್ಲಿ ಉಳಿದ ಆ ವಂಶದ ಹೆಸರು ಈಗ ಕಡಲಂಚಿಗೂ ಹೋಗಿದೆ: ಕಾರವಾರದ ನೌಕಾನೆಲೆ ‘ಐಎನ್‌ಎಸ್ ಕದಂಬ’ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. 10 ಸಾವಿರ ಟನ್ ತೂಕದ ಹಡಗನ್ನೂ ನೀರಿನಿಂದ ಮೇಲೆತ್ತಿ, ಹಳಿಯ ಮೇಲೆ ಸರಿಸಿ, ರಿಪೇರಿಗೆ ನಿಲ್ಲಿಸುವ ವ್ಯವಸ್ಥೆ ಅಲ್ಲಿದೆ.

ಅದು ರಕ್ಷಣಾ ಪ್ರದೇಶ. ಹಾಗಾಗಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಗೋಕರ್ಣ ಮುಗಿಸಿ ಕಾರವಾರಕ್ಕೆ ಬರುವವರಿಗೆ ನೌಕಾಪಡೆ ಕೈಗೆಟಕುವುದು ಟ್ಯಾಗೋರ್ ಕಡಲತೀರದಲ್ಲಿ. ಅಲ್ಲಿ ಹೆದ್ದಾರಿ ಪಕ್ಕದಲ್ಲೇ, ನೀರು ಬಿಟ್ಟು ದಡ ಹತ್ತಿ ಕೂತಿದೆ ‘ಐಎನ್‌ಎಸ್ ಚಪಲ್’.

ಸಂಸ್ಕೃತದ ಚಪಲವೆಂದರೆ ಚುರುಕು. ನಮ್ಮ ಮನೆಮಾತಿನಲ್ಲಿ ಅದು ನಾಲಿಗೆಗೆ ಅಂಟಿದ ದೋಷ! ರಷ್ಯಾದಲ್ಲಿ ತಯಾರಾದ ಈ ಕ್ಷಿಪಣಿ ದೋಣಿ 1976ರಲ್ಲಿ ಸೇವೆಗೆ ಸೇರಿ 2005ರಲ್ಲಿ ನಿವೃತ್ತವಾಯಿತು, ಮರುವರ್ಷ ವಸ್ತುಸಂಗ್ರಹಾಲಯವಾಯಿತು. ಮೇಲೆ ನಾಲ್ಕು ಕ್ಷಿಪಣಿಗಳ ಗೂಡು. ಒಳಗೆ ತಲೆ ಬಗ್ಗಿಸಿಯೇ ಸಾಗಬೇಕಾದ ಇಕ್ಕಟ್ಟು. 1971ರ ಕರಾಚಿ ದಾಳಿಯ ಕೀರ್ತಿಯನ್ನು ಕೆಲವರು ಇದರ ತಲೆಗೇ ಕಟ್ಟುವುದುಂಟು. ಇಸವಿ ನೋಡಿದರೆ ಲೆಕ್ಕ ತಪ್ಪುತ್ತದೆ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ್ದು ನಿಪಾತ್, ನಿರ್ಘಾತ್, ವೀರ್; ಅವು ಚಪಲ್‌ನ ಅಕ್ಕಂದಿರು.

ಹಡಗಿನ ನೆನಪಿಗೇನೋ ಮನೆ ಸಿಕ್ಕಿತು. ಹಡಗುಕಟ್ಟೆಗೆ ಜಾಗ ಬಿಟ್ಟವರ ನೆನಪಿಗೆ?

1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಈ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಕಾರವಾರ–ಅಂಕೋಲಾ ನಡುವಿನ ಕರಾವಳಿಯಲ್ಲಿ 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಬಲೆ ಒಣಗಿಸುವ ಮರಳು ಬಿಟ್ಟೆದ್ದವು. ಅರಗಾ ಎಂದರೆ ಈಗ ನೌಕಾನೆಲೆಯ ಗೇಟು. ತೋಡೂರು, ಹಾರವಾಡದ ಕಾಲೊನಿಗಳಲ್ಲಿ ನೆಲೆಸಿದವರಿಗೆ ‘ಸೀಬರ್ಡ್ ನಿರಾಶ್ರಿತರು’ ಎಂಬ ಹೆಸರೇ ಅಂಟಿಕೊಂಡಿತು. ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ಕೋರ್ಟು ಸುತ್ತಿದವು. ಮೀನುಗಾರರಿಗೆ ಮುದಗಾದಲ್ಲಿ ಬಂದರು ಬಂತು. ಈ ನೋವು ಹಿರಿಯೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ: 1907ರಲ್ಲಿ ಮುಗಿದ ಮಾರಿಕಣಿವೆ ಕಟ್ಟೆಯ ಹಿನ್ನೀರಿನಡಿಯೂ ಊರುಗಳಿವೆ. ಚಪಲ್‌ನ ಪಕ್ಕದಲ್ಲೇ ಒಂದು ಕೋಣೆ ಕಟ್ಟಿ ಹಳೆಯ ಬಲೆ, ಹುಟ್ಟು, ಭೂಸ್ವಾಧೀನದ ನೋಟಿಸು ಇಟ್ಟರೆ ಯುದ್ಧನೌಕೆಯ ಮರ್ಯಾದೆಗೇನೂ ಕುಂದಾಗದು.

ಇಡಬೇಕಾದದ್ದು ಇನ್ನೂ ಇದೆ. ನೆಲೆಯೊಳಗೆ ಸೇರಿಹೋದ ಅಂಜುದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಲು 1961ರ ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು ಬಂದಿದ್ದವು. ಏಳು ನಾವಿಕರು ಪ್ರಾಣ ಕೊಟ್ಟರು, ಅವರ ಸ್ಮಾರಕ ದ್ವೀಪದಲ್ಲೇ ಇದೆ. ಹಳೆಯ ಇಗರ್ಜಿಯೂ ಅಲ್ಲಿಯೇ. ಫೆಬ್ರವರಿ 2ರ ಹಬ್ಬಕ್ಕೆ ಕಾರವಾರ, ಗೋವಾದ ಭಕ್ತರು ದೋಣಿಯಲ್ಲಿ ಹೋಗಿ ಪೂಜೆ ಮುಗಿಸಿ ಸಂಜೆಯೊಳಗೆ ಮರಳುತ್ತಿದ್ದರು. ಈಗ ಅಲ್ಲಿಗೆ ದಡದಿಂದಲೇ ಕಲ್ಲಿನ ಅಲೆತಡೆಗೋಡೆ ಚಾಚಿದೆ, ನೌಕಾಪಡೆಯ ಪಹರೆಯಲ್ಲಿ.